ನೆಗೆಣ್ಣಿಯ ಟಿ.ವಿ.ಯಲ್ಲಿ ಇಟ್ಟಿಗೆ ಆಟ

ಟಿ.ವಿ. ಗೇಮಿನ ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ ಎಂದು ಬರೆದಿದೆ. ಸುಳ್ಳು. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವಳು ನಾನು, ಆದರೆ ಎಣಿಸಲು ಬರುತ್ತದೆ. ಮಗ ಚಿಕ್ಕವನಿದ್ದಾಗಲೇ ಒಂದು ಮಧ್ಯಾಹ್ನ ಕೂತು ಎಣಿಸಿದ್ದೆ. ಇರುವುದು ಹದಿನೇಳು ಆಟ. ಹದಿನೆಂಟನೆಯದನ್ನು ಒತ್ತಿದರೆ ಮೊದಲನೆಯದೇ ಬಣ್ಣ ಬದಲಿಸಿಕೊಂಡು ಮತ್ತೆ ಬರುತ್ತದೆ. ಮಾರಿದವನನ್ನು ಹಿಡಿದು ಕೇಳೋಣವೆಂದರೆ, ಅವನ ಅಂಗಡಿ ಇದ್ದದ್ದು ಹಳೆಯ ಬಾಗಲಕೋಟೆಯಲ್ಲಿ. ಆ ಓಣಿ ಈಗ ಹಿನ್ನೀರಿನ ಕೆಳಗಿದೆ.

ಇಷ್ಟು ವರ್ಷ ಅಟ್ಟದ ಮೇಲೆ ಗೋಣಿಚೀಲದಲ್ಲಿ ಬಿದ್ದಿದ್ದ ಆ ಟಿ.ವಿ. ಗೇಮನ್ನು ಕೆಳಗಿಳಿಸಿದ್ದು ನನ್ನ ಹೆಬ್ಬೆರಳಿಗಾಗಿ. ಹೋದ ಬೇಸಿಗೆಯ ಅಮಾವಾಸ್ಯೆಗೆ ಕೂಡಲಸಂಗಮಕ್ಕೆ ಹೋಗಿದ್ದೆ. ನೀರಿಗಿಳಿಯುವ ಮೆಟ್ಟಿಲ ಮೇಲೆ ಕಾಲು ಜಾರಿತು, ಬಲಗೈ ಊರಿದೆ, ಮಣಿಕಟ್ಟು ಮುರಿಯಿತು. ಹುನಗುಂದದಲ್ಲಿ ಪಟ್ಟಿ ಕಟ್ಟಿದರು, ಬಾಗಲಕೋಟೆಯ ವಿದ್ಯಾಗಿರಿಯ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು. ಒಂದೂವರೆ ತಿಂಗಳಾದ ಮೇಲೆ ಬಿಚ್ಚಿದಾಗ ಕೈ ಸುಲಿದ ಗೆಣಸಿನ ಹಾಗೆ ಬೆಳ್ಳಗಿತ್ತು. ನಾಲ್ಕು ಬೆರಳು ಹೇಗೋ ಮಡಚಿದವು. ಹೆಬ್ಬೆರಳು ಮಾತ್ರ ಮರದ ಗೂಟದಂತೆ ನಿಂತಲ್ಲೇ ನಿಂತಿತು.

ಬೇರೆಯವರಿಗೆ ಇದು ಅಂಥ ದೊಡ್ಡ ಮಾತಲ್ಲ. ರೊಟ್ಟಿ ಬಡಿಯಲು ಸೊಸೆ ಇದ್ದಾಳೆ, ನೀರು ನಲ್ಲಿಯಲ್ಲಿ ಬರುತ್ತದೆ. ಆದರೆ ನನ್ನ ಕೆಲಸ ಇದ್ದದ್ದೇ ಆ ಹೆಬ್ಬೆರಳಿನಲ್ಲಿ. ನಮ್ಮ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದುದ್ದ ಹಿಗ್ಗಿಸಿದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮಗ್ಗಕ್ಕೆ ಏರಿಸುವಾಗ ಎರಡನ್ನೂ ಎಳೆಗೆ ಎಳೆ ಕುಣಿಕೆಯಲ್ಲಿ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಕೊಂಡಿ ಹಾಕುವುದು ಎನ್ನುತ್ತೇವೆ. ಸಾವಿರಗಟ್ಟಲೆ ಎಳೆ. ಇಬ್ಬರು ಎದುರುಬದುರು ಕೂತು ಮಾಡುವ ಕೆಲಸ. ಸೆರಗಿನ ಕಡೆ ಕೂತವಳು ಬಲಗೈ ಹೆಬ್ಬೆರಳಿನಿಂದ ಎಳೆ ಹೊಸೆದು ಕುಣಿಕೆ ಹಿಡಿಯಬೇಕು, ಎದುರಿನವಳು ಎಡಗೈಯಿಂದ ಒಡಲಿನ ಎಳೆಯನ್ನು ಅದರೊಳಗೆ ತೂರಿಸಬೇಕು. ನಮ್ಮ ಮನೆತನದಲ್ಲಿ ಸೆರಗಿನ ಕಡೆ ಹಿರಿಯ ಸೊಸೆಯದು, ಒಡಲಿನ ಕಡೆ ಕಿರಿಯಳದು. ನನಗೆ ಮೊದಲು ನಮ್ಮ ಅತ್ತೆ ಕೂತಿದ್ದರು, ಅವರಿಗೆ ಮೊದಲು ಅವರ ಅತ್ತೆ. ನಾನೂ ನನ್ನ ನೆಗೆಣ್ಣಿಯೂ ನಲವತ್ತು ವರ್ಷ ಹಾಗೆ ಕೂತಿದ್ದೇವೆ. ಮಾತು ಬಿಟ್ಟಿದ್ದ ವರ್ಷಗಳಲ್ಲೂ ಕೂತಿದ್ದೇವೆ.

ನನ್ನ ಕೈ ಪ್ಲಾಸ್ಟರಿನಲ್ಲಿದ್ದಾಗ ಮಗ ನನ್ನ ಜಾಗದಲ್ಲಿ ತನ್ನ ಹೆಂಡತಿಯನ್ನು ಕೂರಿಸಿದ. ಅವಳು ಬಾದಾಮಿಯ ಕಡೆಯವಳು. ತವರಲ್ಲಿ ಮಗ್ಗ ಕಂಡವಳೇ ಅಲ್ಲ. ಒಂದು ಎಳೆ ಹಿಡಿಯುವಷ್ಟರಲ್ಲಿ ಎರಡು ಸಲ ಬೆರಳು ನೆಕ್ಕುತ್ತಾಳೆ.

ಮಗ ನನಗೊಂದು ಗಡುವು ಹಾಕಿದ.

"ಪಂಚಮಿ ಮುಗದ ಮ್ಯಾಲೆ ಹೊಸಾ ಹಾಸು ಏರಸ್ತೇನಿ, ಅವ್ವಾ. ಅಲ್ಲಿತನಕ ಬೆರಳು ಆಡಿದ್ರ ನೀ ಕುಂಡ್ರು. ಇಲ್ಲಂದ್ರ ಇಕೀನ ಕಾಯಂ ಕುಂಡರ್ಲಿ. ಒಬ್ಬರ ಕೈ ಅರೆ ಕುದುರಬೇಕಲ್ಲ."

"ನನ್ನ ಕೈ ಕುದುರಿ ನಲವತ್ತು ವರ್ಷ ಆತು" ಎಂದೆ.

"ಆಗಿತ್ತು" ಎಂದ.

ದವಾಖಾನೆಯ ಹುಡುಗಿ ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದಳು. ದಿನಾ ಹಿಚುಕಬೇಕಂತೆ. ನಾಲ್ಕು ದಿನ ಹಿಚುಕಿ ಐದನೆಯ ದಿನ ಅಂಗಳಕ್ಕೆ ಎಸೆದೆ. ಚೆಂಡು ಹಿಚುಕುವುದೂ ಒಂದು ಕೆಲಸವೇ? ಆಗ ಮಗನಿಗೆ ಈ ಟಿ.ವಿ. ಗೇಮ್ ನೆನಪಾಯಿತು.

"ನೀ ಆ ಇಟ್ಟಿಗಿ ಆಟ ಭಾಳ ಆಡ್ತಿದ್ದೆಲ್ಲ? ಅದರಾಗ ಇಟ್ಟಿಗಿ ತಿರಗಸೂದು ಬಲಗೈ ಹೆಬ್ಬಟ್ಟಿಲೆ ಐತಿ. ಅದನ್ನ ಆಡು. ಬೆರಳು ತಾನ ಸಡಿಲ ಆಕ್ಕೈತಿ."

ಆಡುತ್ತಿದ್ದೆ, ಖರೆ. ಅದನ್ನು ತಂದದ್ದು ಮಗನಿಗೆಂದು. ಬಾಗಲಕೋಟೆಗೆ ನೂಲು ತರಲು ಹೋದವರು, ನಮ್ಮ ಮನೆಯವರು, ನೂಲಿನ ಗಂಟಿನ ಜೊತೆ ಇದನ್ನೂ ಹೊತ್ತುಕೊಂಡು ಬಂದಿದ್ದರು. ಮಗ ಸಾಲೆಗೆ ಹೋದ ಮೇಲೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು ಮುಗಿಸಿ ನಾನು ಕೂರುತ್ತಿದ್ದೆ. ವಿಮಾನ ಹಾರಿಸಿ ಗುಂಡು ಹಾರಿಸುವ ಆಟ ನನಗೆ ಹಿಡಿಸಲಿಲ್ಲ. ಎಷ್ಟು ಕೊಂದರೂ ಮತ್ತೆ ಬರುತ್ತಾರೆ, ತಿಗಣೆಯ ಹಾಗೆ. ಟ್ಯಾಂಕಿನ ಆಟದಲ್ಲಿ ಇಟ್ಟಿಗೆಯ ಗೂಡು ಕಾಯಬೇಕು. ಅದನ್ನು ನಾನೂ ನೆಗೆಣ್ಣಿಯೂ ಇಬ್ಬರೇ ಆಡಿದ ಒಂದು ದಿನ, ಗೂಡಿಗೆ ಮೊದಲ ಗುಂಡು ಹೊಡೆದವಳು ಅವಳೇ. ಕೈ ತಪ್ಪಿತು ಎಂದಳು. ಇವತ್ತಿಗೂ ನಾನು ನಂಬಿಲ್ಲ. ನನಗೆ ಸೇರಿದ್ದು ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಕೆಳಗೆ ಹೊಂದಿಸುವ ಆಟ. ಅದರಲ್ಲಿ ಯಾರನ್ನೂ ಕೊಲ್ಲುವಂತಿಲ್ಲ. ಕೊಟ್ಟದ್ದನ್ನು ತಿರುಗಿಸಿ, ಸರಿಸಿ, ಸಂದಿಯಲ್ಲಿ ಕೂರಿಸಬೇಕು.

ಡಬ್ಬಿ ಇಳಿಸಿದ್ದಾಯಿತು, ಆದರೆ ನಮ್ಮ ಮನೆಯ ಹೊಸ ಟಿ.ವಿ.ಗೆ ಅದು ಹತ್ತಲಿಲ್ಲ. ಗೋಡೆಗೆ ಅಂಟಿಸಿದ ಹಪ್ಪಳದಂಥ ಟಿ.ವಿ. ಅದರ ಹಿಂದೆ ಹಳದಿ ಪಿನ್ನಿಗೆ ತೂತೇ ಇಲ್ಲ. ಮಗ ಟಾರ್ಚ್ ಹಿಡಿದು ಹುಡುಕಿದ, ಸೊಸೆ ಮೊಬೈಲಿನಲ್ಲಿ ಹುಡುಕಿದಳು. ಕಡೆಗೆ ಮಗ ಅಂದ, "ಕಾಕೂನ ಮನ್ಯಾಗ ಹಳೇ ಡಬ್ಬಿ ಟಿ.ವಿ. ಐತಲ್ಲ. ಅಲ್ಲೇ ಹಚ್ಚೋಣು."

ಕಾಕು ಎಂದರೆ ಅವನ ಚಿಕ್ಕಮ್ಮ, ನನ್ನ ನೆಗೆಣ್ಣಿ. ಪಕ್ಕದ ಮನೆ, ನಡುವೆ ಒಂದೇ ಗೋಡೆ. ಅವಳು ಏನನ್ನೂ ಎಸೆಯುವವಳಲ್ಲ. ಆ ಟಿ.ವಿ.ಯ ಮೇಲೆ ಕ್ರೋಶಾದ ಬಟ್ಟೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಗಿಳಿ ಕೂರಿಸಿ ಇಟ್ಟುಕೊಂಡಿದ್ದಳು. ನನ್ನ ಬೆರಳು ಆಡುವುದೋ ಇಲ್ಲವೋ ಎಂಬುದನ್ನು ಜಗತ್ತಿನಲ್ಲಿ ಯಾರ ಮುಂದೆ ತೋರಿಸಬಾರದಾಗಿತ್ತೋ, ಅವಳ ಮುಂದೆಯೇ ದಿನಾ ಹೋಗಿ ಕೂರಬೇಕಾಯಿತು.

ಮೊದಲ ದಿನ ಕ್ಯಾಸೆಟ್ಟು ಹಿಡಿಯಲೇ ಇಲ್ಲ. ಪರದೆ ಒಮ್ಮೆ ಬೂದಿ ಬಣ್ಣ, ಒಮ್ಮೆ ಗೆರೆ ಗೆರೆ. ಆಗಿನ ಕಾಲದಲ್ಲಿ ಮಾಡುತ್ತಿದ್ದಂತೆ ಮಗ ಕ್ಯಾಸೆಟ್ಟಿನ ಬಾಯಿಗೆ ಊದಿದ. ನಾನು ಊದಿದೆ. ನೆಗೆಣ್ಣಿ ತನ್ನ ಸೆರಗಿನಿಂದ ಒರೆಸಿ, ಮಗುವಿನ ಕಿವಿಗೆ ಊದುವಂತೆ ಒಂದೇ ಸಲ ಊದಿ ತುರುಕಿದಳು. ಆಟ ಬಂತು. ಅವಳ ಮೋರೆ ನೋಡಬೇಕಿತ್ತು.

ಆಡಿದೆ. ಎಡಗೈ ಇಟ್ಟಿಗೆಯನ್ನು ಅತ್ತಿತ್ತ ಸರಿಸಿತು. ಬಲ ಹೆಬ್ಬೆರಳು ಗುಂಡಿಯ ಮೇಲೆ ಸತ್ತಂತೆ ಕೂತಿತ್ತು. ಒತ್ತು ಎಂದು ನಾನು ಹೇಳುವುದು, ಅದು ಯೋಚನೆ ಮಾಡುವುದು, ಅಷ್ಟರಲ್ಲಿ ಇಟ್ಟಿಗೆ ಅಡ್ಡಡ್ಡ ಬಿದ್ದು ಕೆಟ್ಟಿರುತ್ತಿತ್ತು. ಆಟ ಕೆಟ್ಟಾಗ ಎರಡು ಇಂಗ್ಲಿಷ್ ಮಾತು ಬರುತ್ತವೆ. ಓದಲು ಬರದಿದ್ದರೂ ಅವುಗಳ ಮುಖ ನನಗೆ ಗೊತ್ತು. ಆ ದಿನ ಹನ್ನೊಂದು ಸಲ ನೋಡಿದೆ.

"ಯಕ್ಕಾ, ಒಂದ್ ಮಾತು ಕೇಳ್ಲ್ಯಾ? ನೀ ಬೇಕಂತನ ತೂತು ಬಿಡಾಕತ್ತಿ?" ಎಂದಳು ನೆಗೆಣ್ಣಿ.

ಹೌದು, ಬಿಡುತ್ತಿದ್ದೆ. ಆಗಲೂ ಬಿಡುತ್ತಿದ್ದೆ. ಈ ಆಟದಲ್ಲಿ ಒಂದು ಸಾಲು ತುದಿಯಿಂದ ತುದಿಗೆ ತುಂಬಿದರೆ ಸಾಲಿಗೆ ಸಾಲೇ ಮಾಯವಾಗುತ್ತದೆ. ಅದು ನನಗೆ ಆಗಿನಿಂದಲೂ ಆಗಿಬರದು. ಕಷ್ಟಪಟ್ಟು ಹೊಂದಿಸಿದ ಸಾಲು, ಒಂದು ಸಂದಿಯೂ ಇಲ್ಲದ ಸಾಲು, ಅದನ್ನೇ ಅಳಿಸುತ್ತಾರೆ, ಕೆಟ್ಟ ಸಾಲನ್ನು ಕಣ್ಣ ಮುಂದೆಯೇ ಇಡುತ್ತಾರೆ! ಆದ್ದರಿಂದ ನಾನು ಪ್ರತಿ ಸಾಲಿನಲ್ಲೂ ಒಂದು ಮನೆ ಖಾಲಿ ಬಿಟ್ಟು ಕಟ್ಟುತ್ತಿದ್ದೆ. ಸೀರೆಯ ಗೋಮಿ ದಡಿಯ ಹಾಗೆ ಹಲ್ಲು ಹಲ್ಲಾಗಿ, ಕೆಳಗಿನಿಂದ ಮೇಲಕ್ಕೆ. ಪರದೆಯ ನೆತ್ತಿ ಮುಟ್ಟಿದಾಗ ಆಟ ಮುಗಿಯುತ್ತಿತ್ತು. ಮುಗಿಯಲಿ. ನೇಯ್ದದ್ದಂತೂ ಕಣ್ಣಿಗೆ ಕಾಣುತ್ತಿತ್ತು.

"ಅಳಿಸಿ ಹೊಕ್ಕೈತಲ್ಲ, ಅದಕ್ಕ" ಎಂದೆ.

ನೆಗೆಣ್ಣಿ ನಕ್ಕಳು. ಹಲ್ಲಿಲ್ಲದ ಕಡೆಯಿಂದ ಗಾಳಿ ಬಂತು.

"ಮೂವತ್ತು ವರ್ಷದ ಹಿಂದೂ ನೀ ಹಿಂಗ ಆಡೀ? ಅಯ್ಯ ನಮ್ಮವ್ವ! ಮಗ್ಗದ ಮ್ಯಾಲೆ ನೇಯ್ದದ್ದನ್ನ ಏನ್ ಮಾಡ್ತಾರ? ದಿಂಡಿಗೆ ಸುತ್ತಕೋತಾರಲ್ಲ? ಸುತ್ತಿದ್ದು ಕಣ್ಣಿಗೆ ಕಾಣಂಗಿಲ್ಲ. ಅಂದ್ರ ಹಾಳಾತೇನು? ಸುತ್ತಲಿಲ್ಲಂದ್ರ ಮುಂದಿಂದು ಎಲ್ಲಿ ನೇಯ್ತಿ, ನಿನ್ನ ತಲೀ ಮ್ಯಾಲೆ?"

ನನಗೆ ಸಿಟ್ಟು ಬಂದದ್ದು ಅವಳು ನಕ್ಕದ್ದಕ್ಕಲ್ಲ. ಅವಳು ಹೇಳಿದ್ದು ಸರಿ ಇತ್ತು. ಹೊತ್ತು ಹುಟ್ಟಿದರೆ ಮಗ್ಗ, ಹೊತ್ತು ಮುಳುಗಿದರೆ ಮಗ್ಗ, ಅಂಥ ಮನೆಯಲ್ಲಿ ಹಿರಿಯಳಾಗಿ ಕೂತವಳಿಗೆ ಅದು ಹೊಳೆಯಲಿಲ್ಲ, ಕಿರಿಯಳಿಗೆ ಹೊಳೆಯಿತು. ಆಟದ ಗುಂಡಿಗಳಿರುವ ರಿಮೋಟ್ ಅಲ್ಲೇ ಬಿಟ್ಟು ಎದ್ದು ಬಂದೆ. ಮರುದಿನ ಮತ್ತೆ ಹೋದೆ, ಹೋಗದೆ ವಿಧಿ ಇರಲಿಲ್ಲ. ಪಂಚಮಿಗೆ ಹದಿನೈದು ದಿನ ಉಳಿದಿತ್ತು.

ಸಾಲು ಅಳಿಸಲು ಕಲಿತೆ. ಮನಸ್ಸಿಲ್ಲದೆ ಕಲಿತೆ. ಅಳಿಸಿದಂತೆಲ್ಲ ಇಟ್ಟಿಗೆ ಜೋರಾಗಿ ಬೀಳುತ್ತವೆ, ಒಳ್ಳೆಯ ಕೆಲಸಕ್ಕೆ ಕೊಡುವ ಬಹುಮಾನ ಇನ್ನಷ್ಟು ಕೆಲಸ. ಬಲ ಹೆಬ್ಬೆರಳು ಒಂದು ಚೂರು ಬಾಗುತ್ತಿತ್ತು, ಜೋಳದ ಕಾಳಿನಷ್ಟು. ಅದರ ಮೇಲೆ ನೋವು, ಮೊಳಕೈತನಕ ಏರುವ ನೋವು. ಅಂಕಿ ಮಾತ್ರ ಮೇಲೇರಲಿಲ್ಲ. ಮಗ ದಿನಾ ಸಂಜೆ ಮಗ್ಗದ ಕುಣಿಯಿಂದ ಎದ್ದು ಬಂದು ಕೇಳುವವನು, "ಎಷ್ಟಾತು, ಅವ್ವಾ?" ನಾನು ಹೇಳಿದ ಅಂಕಿಗೆ "ಹೂಂ" ಎನ್ನುವವನು. ಆ "ಹೂಂ" ಕೇಳುವುದಕ್ಕಿಂತ ಬೈಸಿಕೊಳ್ಳುವುದು ಮೇಲು.

ಆಮೇಲೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಮೋಸ ಮಾಡಿದೆ. ರಿಮೋಟನ್ನು ತೊಡೆಯ ಮೇಲಿಟ್ಟು, ಮೇಲೆ ಸೆರಗು ಹೊದಿಸಿ, ಬಲಗೈಯನ್ನು ಹಿಡಿದ ಹಾಗೆ ಸುಮ್ಮನೆ ಇಟ್ಟೆ. ಒಳಗೆ ಎಡಗೈ ಒಂದೇ ಈ ತುದಿಯಿಂದ ಆ ತುದಿಗೆ ಓಡಾಡಿತು. ಸರಿಸಲು ಈ ಕಡೆ, ತಿರುಗಿಸಲು ಆ ಕಡೆ. ಮೊದಲೆರಡು ದಿನ ಒದ್ದಾಡಿತು. ಮೂರನೆಯ ದಿನಕ್ಕೆ ನೋಡಿದರೆ, ಮುದುಕಿಯ ಎಡಗೈಗೆ ಇಷ್ಟು ಚುರುಕು ಎಲ್ಲಿತ್ತೋ! ತೋರುಬೆರಳು ತಿರುಗಿಸುತ್ತದೆ, ಹೆಬ್ಬೆರಳು ಸರಿಸುತ್ತದೆ, ನಾನು ಹೇಳುವ ಮೊದಲೇ ಮಾಡಿ ಮುಗಿಸಿರುತ್ತದೆ. ಅಂಕಿ ಏರಿತು. ಮಗನ ಮುಖ ಅರಳಿತು.

"ಭಾರಿ ಆತಲ್ಲೇ ಅವ್ವಾ! ಬೆರಳು ಬಂತು ಹಂಗಾರ!"

"ಬಂತು" ಎಂದೆ. ಬಲಗೈ ಸೆರಗಿನೊಳಗೆ ಇತ್ತು.

ಸೊಸೆ ನನ್ನ ಮುಖ ನೋಡಿದಳು. ಅವಳಿಗೆ ಆ ಜಾಗ ಬೇಕಿತ್ತೋ ಬೇಡವಾಗಿತ್ತೋ ನನಗೆ ಆಗ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ.

ನೆಗೆಣ್ಣಿ ಮರುದಿನವೇ ಹಿಡಿದಳು. ಮಾತಿನಲ್ಲಿ ಹಿಡಿಯಲಿಲ್ಲ. ಚಹಾ ತಂದಳು. ನಾನು ಆಡುತ್ತಿದ್ದೆ, ಕಪ್ಪನ್ನು ನನ್ನ ಬಲಗಡೆಗೆ ಚಾಚಿ ನಿಂತಳು. ಎಡಗೈ ಬಿಟ್ಟರೆ ಇಟ್ಟಿಗೆ ಬೀಳುತ್ತದೆ. ಬಲಗೈ ಚಾಚಿದರೆ ಕಪ್ಪು ಬೀಳುತ್ತದೆ. ಅವಳು ಅಲ್ಲಾಡಲಿಲ್ಲ.

"ಹಿಡಿ ಯಕ್ಕಾ, ಆರತೈತಿ."

"ಕೆಳಗ ಇಡು."

"ಕೈಯಾಗ ಕೊಡಾಕತ್ತೇನಿ."

ಎಡಗೈಯಿಂದ ತೆಗೆದುಕೊಂಡೆ. ಟಿ.ವಿ.ಯಲ್ಲಿ ಇಟ್ಟಿಗೆಗಳು ತಾವೇ ಒಂದರ ಮೇಲೊಂದು ಬಿದ್ದು ನೆತ್ತಿ ಮುಟ್ಟಿದವು. ಆ ಎರಡು ಇಂಗ್ಲಿಷ್ ಮಾತು ಬಂದವು. ನೆಗೆಣ್ಣಿ ಗಿಳಿಯ ಮೇಲಿನ ಧೂಳು ಒರೆಸುತ್ತ, "ಹುಡುಗನ ಮುಂದ ನಾ ಏನೂ ಹೇಳಂಗಿಲ್ಲ ತಗೊ. ಎಳೀನ ಹೇಳ್ತೈತಿ" ಎಂದಳು.

ಇಷ್ಟಾದ ಮೇಲಾದರೂ ಮಗನಿಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹಾಸು ಎದುರಿಗೆ ಬಂದರೆ ಬೆರಳಿಗೆ ತಾನೇ ನೆನಪಾದೀತು ಎಂದುಕೊಂಡಿದ್ದೆ.

ಪಂಚಮಿ ಆಯಿತು, ಉಂಡೆ ತಿಂದು ಮುಗಿಯಿತು. ಮಗ ಹಾಸು ಹಿಗ್ಗಿಸಿ ಕಟ್ಟಿದ. ಒಡಲು ನೀಲಿ, ಸೆರಗು ಕೆಂಪು. ನಾನು ನನ್ನ ಜಾಗದಲ್ಲಿ ಕೂತೆ. ನೆಗೆಣ್ಣಿ ಎದುರಿಗೆ ಕೂತಳು. ಸೊಸೆ ಬಾಗಿಲಿಗೆ ಒರಗಿ ನಿಂತಳು. ಕೆಂಪು ಎಳೆ ಎತ್ತಿಕೊಂಡೆ. ಹೊಸೆಯಬೇಕು, ಬಲ ಹೆಬ್ಬೆರಳು ಒಳಗೆ ಬರಬೇಕು. ಬರಲಿಲ್ಲ. ಎಳೆ ಬೆರಳಿಂದ ಜಾರಿತು. ಮತ್ತೆ ಎತ್ತಿಕೊಂಡೆ. ಹೊಸೆದದ್ದು ಬಿಚ್ಚಿಕೊಂಡಿತು. ಮೂರನೆಯ ಸಲ ಹಟದಿಂದ ಒತ್ತಿದೆ, ಎಳೆ ಫಟ್ಟನೆ ಹರಿಯಿತು. ಹರಿದ ಎಳೆ ಎಂದರೆ ಗಂಟು, ಗಂಟು ಎಂದರೆ ಸೀರೆಯ ಮುಖಕ್ಕೆ ಕಲೆ. ಐದನೆಯ ಎಳೆಯೂ ಹರಿದಾಗ ಮಗ ಹತ್ತಿರ ಬಂದ.

"ಅವ್ವಾ, ಬೆರಳು ಬಂದೈತಿ ಅಂದಿದ್ದೆಲ್ಲ?"

"ಆಟದಾಗ ಬಂದಿತ್ತು."

"ಆಟದಾಗ ಬಂದದ್ದು ಇಲ್ಲಿ ಎಲ್ಲಿ ಹೋತು?"

ನಾನು ಎಳೆ ನೋಡುತ್ತ ಕೂತೆ. ಅವನು ಸೊಸೆಯ ಕಡೆ ತಿರುಗಿ, "ಬಾರೇ, ನೀ ಕುಂಡ್ರ ಬಾ" ಎಂದ. ಅವಳು ಬಾಗಿಲು ಬಿಟ್ಟು ಅಲ್ಲಾಡಲಿಲ್ಲ.

ಆಗ ನೆಗೆಣ್ಣಿ ಬಾಯಿ ಬಿಟ್ಟಳು. ಹೇಳುವುದಿಲ್ಲ ಎಂದವಳು ಎಲ್ಲರ ಮುಂದೆ ಹೇಳಿದಳು.

"ಯಕ್ಕಾ, ಏಳು. ಈ ಕಡೆ ಬಾ. ಸೆರಗಿನಾಗ ಮುಚ್ಚಕೊಂಡು ಎಡಗೈಲೆ ಅಲ್ಲ ನೀ ಆಡಿದ್ದು? ಒಡಲಿನ ಕಡೆ ಎಡಗೈನ ಬೇಕು. ಬಾ."

"ಎಡಗೈಲೆ?" ಎಂದ ಮಗ. "ಅಂದ್ರ ದಿನಾ ನನಗ ಹೇಳಿದ್ದೆಲ್ಲಾ..."

"ಆ ಅಂಕಿ ಸುಳ್ಳಲ್ಲ. ಕೈ ಬ್ಯಾರೆ, ಅಷ್ಟ" ಎಂದೆ.

ಅವನಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ, ಮೀಸೆ ಅಡ್ಡ ಇತ್ತು. ನನಗಂತೂ ನಗು ಬರಲಿಲ್ಲ. ಒಡಲಿನ ಕಡೆ ಕಿರಿಯ ಸೊಸೆಯ ಜಾಗ. ಈ ಮನೆಗೆ ಕಾಲಿಟ್ಟ ದಿನದಿಂದ ನಾನು ಆ ಕಡೆ ಕೂತವಳಲ್ಲ. ಎದ್ದು ಹೊರಗೆ ಹೋಗಿಬಿಡಬಹುದಿತ್ತು. ಹೋದರೆ ಏನು ಮಾಡುತ್ತೇನೆ ಎಂದು ಯೋಚಿಸಿದೆ. ಕಟ್ಟೆಯ ಮೇಲೆ ಕೂತು ಚೆಂಡು ಹಿಚುಕುತ್ತೇನೆ. ಅದನ್ನೂ ನಾಯಿ ಎತ್ತಿಕೊಂಡು ಹೋಗಿದೆ.

ಎದ್ದೆ. ಹಾಸು ಸುತ್ತಿ ಆ ಕಡೆ ಹೋಗಿ ಕೂತೆ. ನೆಗೆಣ್ಣಿ ಸೆರಗಿನ ಕಡೆ ಬಂದಳು, ನನ್ನ ಮಣೆಯ ಮೇಲೆ. ಕೂರುವ ಮೊದಲು ಮಣೆಯನ್ನು ಕೈಯಿಂದ ಎರಡು ಸಲ ತಟ್ಟಿದಳು. ಅದು ಬೇಕಾಗಿರಲಿಲ್ಲ.

ಅವಳು ಕೆಂಪು ಎಳೆ ಹೊಸೆದು ಕುಣಿಕೆ ಹಿಡಿದಳು. ನನ್ನ ಎಡಗೈ ನೀಲಿ ಎಳೆ ಎತ್ತಿ ತೂರಿಸಿತು. ಒಂದು ಹೋಯಿತು. ಎರಡು ಹೋಯಿತು. ಏಳನೆಯದು ತಿರುವುಮುರುವಾಗಿ ಹೋಯಿತು.

"ತಿರಗಸು. ಇಟ್ಟಿಗಿ ತಿರಗಸಿದಂಗ" ಎಂದಳು.

"ಬಾಯಿ ಮುಚ್ಚು. ನೀ ಕುಣಿಕಿ ನೆಟ್ಟಗ ಹಿಡಿ. ಸೆರಗಿನ ಕಡೆ ಕುಂತ್ಯಂತ ದೊಡ್ಡಾಕಿ ಆಗಲಿಲ್ಲ ನೀ."

"ಕುಂತು ನೋಡಿದೆ. ಇಲ್ಲೂ ಬೆನ್ನು ಅಷ್ಟ ನೋಯ್ತೈತಿ."

ಮಧ್ಯಾಹ್ನದ ಊಟದ ಹೊತ್ತಿಗೆ ಮುನ್ನೂರು ಎಳೆ ಕೂಡಿಸಿದ್ದೆವು. ಮೊದಲಾಗಿದ್ದರೆ ಅಷ್ಟು ಹೊತ್ತಿಗೆ ಅದರ ಎರಡು ಪಟ್ಟು ಮುಗಿಸುತ್ತಿದ್ದೆವು. ಹನ್ನೆರಡನ್ನು ಬಿಚ್ಚಿ ಮತ್ತೆ ಹಾಕಬೇಕಾಯಿತು. ಅದರಲ್ಲಿ ಒಂಬತ್ತು ನನ್ನವು, ಮೂರು ಅವಳವು. ಅವಳು ತನ್ನದು ಒಂದೇ ಎನ್ನುತ್ತಾಳೆ. ನಾನು ಎಣಿಸಿದ್ದೇನೆ.

ಮಗ ಬಂದು ಕೊಂಡಿಗಳ ಮೇಲೆ ಅಂಗೈ ಆಡಿಸಿ ನೋಡಿದ. ಗಂಟು ಸಿಗಲಿಲ್ಲ. ಮಗ್ಗದ ಕುಣಿಗೆ ಇಳಿದ.

ಸೊಸೆ ಇನ್ನೂ ಬಾಗಿಲಲ್ಲೇ ಇದ್ದಳು.

"ಅತ್ತೀ, ಹಂಗಾರ ನಾ ಎಲ್ಲಿ ಕುಂಡ್ರಲ್ರಿ?"

"ನಿನಗ ಇಲ್ಲಿ ಕುಂಡ್ರೂ ಮನಸು ಐತೇನು?"

ಅವಳು ತನ್ನ ಗಂಡನ ಕಡೆ ಒಮ್ಮೆ ನೋಡಿ, ದನಿ ಇಳಿಸಿ, "ಭಾಳ ಬೆನ್ನು ನೋಯ್ತೈತ್ರಿ" ಎಂದಳು. ಇಷ್ಟು ದಿನ ಯಾರ ಜಾಗಕ್ಕಾಗಿ ನಾನು ಯಾರ ಜೊತೆ ಗುದ್ದಾಡಿದೆನೋ ನೋಡಿರಿ.

"ಹಂಗಾರ ಕಾಕೂನ ಮನಿಗಿ ಹೋಗಿ ಟಿ.ವಿ. ಮುಂದ ಕುಂಡ್ರು" ಎಂದೆ. "ಇಟ್ಟಿಗಿ ಆಟ ಕಲಿ. ಎರಡೂ ಕೈಲೆ ಕಲಿ. ನಮ್ಮಿಬ್ಬರಾಗ ಯಾವ ಕೈ ಮೊದಲ ಬೀಳ್ತೈತಿ ಅಂತ ಹೇಳಾಕ ಬರಂಗಿಲ್ಲ."

"ತೂತು ಬಿಟ್ಟು ಆಡಬ್ಯಾಡವಾ, ನಿಮ್ಮತ್ತಿಗತೆ" ಎಂದಳು ನೆಗೆಣ್ಣಿ, ಮುಂದಿನ ಎಳೆ ಹೊಸೆಯುತ್ತ.

ನಾನು ನೀಲಿ ಎಳೆ ಎತ್ತಿಕೊಂಡೆ. ಅವಳು ಕುಣಿಕೆ ಹಿಡಿದಾಗಿತ್ತು, ನನ್ನ ಎಳೆಗಾಗಿ ಕಾಯುತ್ತಿದ್ದಳು.